ಮಹಾವೀರ ಜಯಂತಿ, ಮಾರ್ಚ್ 31 ಮತ್ತು ನಮ್ಮ ಲೆಕ್ಕದ ಪುಸ್ತಕ

ದೇಶದ ಜನಸಂಖ್ಯೆಯಲ್ಲಿ ಜೈನರು ಶೇಕಡಾ ಅರ್ಧದಷ್ಟೂ ಇಲ್ಲ, ಆದರೂ ದೇಶದ ಆದಾಯ ತೆರಿಗೆಯ ಶೇಕಡಾ 24ರಷ್ಟನ್ನು ಅವರೇ ಕಟ್ಟುತ್ತಾರೆ ಎಂಬ ಸಂದೇಶವೊಂದು ನಮ್ಮ ವಾಟ್ಸ್ಆಪ್ ಗುಂಪುಗಳಲ್ಲಿ ವರ್ಷವರ್ಷವೂ ಸುತ್ತುತ್ತದೆ. ಮಹಾವೀರ ಜಯಂತಿ ಸಮೀಪಿಸಿದಂತೆ ಅದರ ವೇಗ ಹೆಚ್ಚುತ್ತದೆ. ಸಭೆಗಳಲ್ಲಿ ಗಣ್ಯರು ಅದನ್ನು ಉಲ್ಲೇಖಿಸುತ್ತಾರೆ, ಸಭಿಕರು ಚಪ್ಪಾಳೆ ತಟ್ಟುತ್ತಾರೆ. ವಾಕ್ಯದ ಮೊದಲರ್ಧ ನಿಜ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ನಮ್ಮ ಸಂಖ್ಯೆ ಸುಮಾರು 44.5 ಲಕ್ಷ, ಅದರಲ್ಲಿ ಮಹಾರಾಷ್ಟ್ರದ ಪಾಲು 14 ಲಕ್ಷ, ಕರ್ನಾಟಕದ್ದು 4.4 ಲಕ್ಷ. ಎರಡನೆಯ ಅರ್ಧಕ್ಕೆ ಮಾತ್ರ ಯಾವ ಆಧಾರವೂ ಇಲ್ಲ. ಪಾನ್ ಕಾರ್ಡಿನ ಅರ್ಜಿಯಲ್ಲಾಗಲಿ ಆದಾಯ ತೆರಿಗೆಯ ರಿಟರ್ನಿನಲ್ಲಾಗಲಿ ಧರ್ಮವನ್ನು ಕೇಳುವ ಅಂಕಣವೇ ಇಲ್ಲ. ಇಲ್ಲದ ಅಂಕಣದಿಂದ ಶೇಕಡಾವಾರು ಹುಟ್ಟುವುದು ಹೇಗೆ? ಇಪ್ಪತ್ತು ವರ್ಷಗಳಿಂದ ಈ ಊರಿನಲ್ಲಿ ರಿಟರ್ನುಗಳನ್ನು ತುಂಬುತ್ತಿರುವ ನನಗೆ ಆ ಅಂಕಿ ಎಲ್ಲಿಯೂ ಕಂಡಿಲ್ಲ.

ಕಂಡಿರುವುದು ಬೇರೆಯೇ ಒಂದು ದೃಶ್ಯ. ತೆರಿಗೆಯ ವಿಚಾರದಲ್ಲಿ ಸಮಾಜದ ಹಿರಿಮೆಯನ್ನು ವೇದಿಕೆಯ ಮೇಲೆ ಕೊಂಡಾಡಿದವರೇ ರಿಟರ್ನ್ ಸಲ್ಲಿಸುವ ಕೊನೆಯ ವಾರದಲ್ಲಿ ಚೀಲದ ತುಂಬ ಬಿಲ್ಲುಗಳನ್ನು ಹೊತ್ತು ಕಚೇರಿಗೆ ಬಂದು, "ಸರ್, ಈ ಸಲ ಹೇಗಾದರೂ ಮಾಡಿ ಕಡಿಮೆ ಮಾಡಿಕೊಡಿ" ಎನ್ನುತ್ತಾರೆ. ಹಣಕಾಸು ವರ್ಷ ಮುಗಿದು ಮೂರು ನಾಲ್ಕು ತಿಂಗಳಾಗಿರುತ್ತದೆ. ಆ ಹೊತ್ತಿಗೆ ಕಾನೂನಿನೊಳಗೆ ಮಾಡಬಹುದಾದದ್ದು ಬಹುತೇಕ ಮುಗಿದಿರುತ್ತದೆ. ಕಾನೂನಿನ ಹೊರಗೆ ಮಾಡಬಹುದಾದದ್ದು ಮಾತ್ರ ಬಾಕಿ ಉಳಿದಿರುತ್ತದೆ. ನಮ್ಮವರಲ್ಲಿ ಬಹಳ ಮಂದಿ ಕಳ್ಳಲೆಕ್ಕದ ಕಡೆಗೆ ಜಾರುವುದು ದುರುದ್ದೇಶದಿಂದಲ್ಲ, ತಡವಾದ್ದರಿಂದ ಎಂಬುದು ನನ್ನ ಅನುಭವ. ಈ ಲೇಖನವನ್ನು ಬರೆಯಲು ಕಾರಣವೂ ಅದೇ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಪರ್ಯೂಷಣದ ದಿನಗಳಲ್ಲಿ ಕೇಳದ ಮನೆ ನಮ್ಮಲ್ಲಿ ಕಡಿಮೆ. ಅಚೌರ್ಯಾಣುವ್ರತಕ್ಕೆ ಅಲ್ಲಿ ಐದು ಅತಿಚಾರಗಳನ್ನು ಹೇಳಿದೆ. ಕಳ್ಳನಿಗೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ತೂಕ ಅಳತೆಗಳಲ್ಲಿ ಮೋಸ, ಕಲಬೆರಕೆ ಇವೆಲ್ಲ ಎಲ್ಲರಿಗೂ ನೆನಪಿರುತ್ತವೆ. ಇವುಗಳ ನಡುವೆಯೇ ವಿರುದ್ಧರಾಜ್ಯಾತಿಕ್ರಮ ಎಂಬುದೊಂದಿದೆ: ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಇದನ್ನೇ ವಿಲೋಪ ಎಂದು ಕರೆದಿದ್ದಾರೆ. ಇನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಬರುತ್ತದೆ, ಅಂದರೆ ಸುಳ್ಳು ದಾಖಲೆ ಬರೆಯುವುದು. ರಾತ್ರಿಭೋಜನ ತ್ಯಾಗದ ಬಗೆಗೆ, ಗಡ್ಡೆತರಕಾರಿಗಳ ಬಗೆಗೆ ಮನೆಮನೆಗಳಲ್ಲಿ ಎಷ್ಟು ಸೂಕ್ಷ್ಮವಾದ ಚರ್ಚೆ ನಡೆಯುತ್ತದೆಯೋ ಅದರ ನೂರರಲ್ಲೊಂದು ಪಾಲು ಈ ಎರಡು ಪದಗಳ ಬಗೆಗೆ ನಡೆದಿದ್ದನ್ನು ನಾನು ಕೇಳಿಲ್ಲ. ಈರುಳ್ಳಿಯನ್ನು ಮುಟ್ಟದ ಕೈ ಖೋಟಾ ಬಿಲ್ಲಿಗೆ ಸಹಿ ಹಾಕುವಾಗ ನಡುಗುವುದಿಲ್ಲ.

ಖೋಟಾ ಬಿಲ್ಲಿನ ಮಾತು ಬಂದ ಮೇಲೆ ಮುಂಬೈಯ ಒಂದು ಪ್ರಕರಣವನ್ನು ನೆನಪಿಸಲೇಬೇಕು. ಕಳೆದ ದಶಕದ ಆರಂಭದಲ್ಲಿ ಮಜಗಾಂವ್‌ನಲ್ಲಿ ಪ್ರಧಾನ ಕಚೇರಿಯಿರುವ ಮಹಾರಾಷ್ಟ್ರ ಮಾರಾಟ ತೆರಿಗೆ ಇಲಾಖೆಯು ಹವಾಲಾ ವ್ಯಾಪಾರಿಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಇವರು ಮಾಲು ಕೊಡುವವರಲ್ಲ, ಬಿಲ್ಲು ಮಾತ್ರ ಕೊಡುವವರು. ವ್ಯಾಪಾರಿ ಚೆಕ್ಕಿನಲ್ಲಿ ಹಣ ಕೊಡುತ್ತಾನೆ. ಕಮಿಷನ್ ಕಳೆದು ಉಳಿದದ್ದು ನಗದಾಗಿ ಹಿಂತಿರುಗುತ್ತದೆ. ಪುಸ್ತಕದಲ್ಲಿ ಖರೀದಿ ಕಾಣಿಸಿಕೊಂಡು ಲಾಭ ಇಳಿಯುತ್ತದೆ. ಪಟ್ಟಿ ಆದಾಯ ತೆರಿಗೆ ಇಲಾಖೆಯ ಕೈಸೇರಿದ್ದೇ ತಡ, ಉಕ್ಕು, ಹಾರ್ಡ್‌ವೇರ್, ಬಟ್ಟೆ, ವಜ್ರ, ಕಟ್ಟಡ ಸಾಮಗ್ರಿಗಳ ಎಷ್ಟೋ ವ್ಯಾಪಾರಿಗಳ ಹಳೆಯ ವರ್ಷಗಳ ಕಡತಗಳು ಮತ್ತೆ ತೆರೆದವು. ಅವರಲ್ಲಿ ಕೆಲವರು ನಿಜವಾಗಿ ಮಾಲು ಕೊಂಡಿದ್ದವರೇ. ಬೇರೆ ಯಾರಿಂದಲೋ ನಗದಿಗೆ ಕೊಂಡು, ಬಿಲ್ಲನ್ನು ಮಾತ್ರ ಇವರಿಂದ ಪಡೆದಿದ್ದರು. 2019ರಲ್ಲಿ ಬಾಂಬೆ ಹೈಕೋರ್ಟು ಇಂಥದೊಂದು ಪ್ರಕರಣದಲ್ಲಿ, ಮಾರಾಟವನ್ನು ಇಲಾಖೆ ಒಪ್ಪಿರುವಾಗ ಖರೀದಿಯ ಪೂರ್ತಿ ಮೊತ್ತವನ್ನು ಆದಾಯಕ್ಕೆ ಸೇರಿಸಲಾಗದು, ಉಳಿದ ಖರೀದಿಗಳ ಮೇಲಿನ ಲಾಭದ ದರಕ್ಕೆ ಸರಿದೂಗಿಸಿದರೆ ಸಾಕು ಎಂದಿತು. ಅನೇಕರು ನಿಟ್ಟುಸಿರು ಬಿಟ್ಟರು. 2025ರ ಮಾರ್ಚಿನಲ್ಲಿ ಅದೇ ನ್ಯಾಯಾಲಯವು ಇನ್ನೊಂದು ಪ್ರಕರಣದಲ್ಲಿ, ವಿಚಾರಣೆಗೆ ಹಾಜರಾಗದೆ, ಖರೀದಿಯನ್ನು ಸಾಬೀತುಪಡಿಸದೆ ಇದ್ದವರಿಗೆ ಈ ರಿಯಾಯಿತಿಯೂ ಇಲ್ಲವೆಂದು ಪೂರ್ತಿ ಮೊತ್ತದ ಸೇರ್ಪಡೆಯನ್ನು ಎತ್ತಿಹಿಡಿಯಿತು. ಹತ್ತು ಹದಿನೈದು ವರ್ಷ ಹಿಂದಿನ ಒಂದು ಬಿಲ್ಲು ಇಂದಿಗೂ ಮನೆಯ ನಿದ್ದೆ ಕೆಡಿಸುತ್ತಿದೆ. 2020ರಲ್ಲಿ ಬಂದ ನಿಯಮದಂತೆ ಪುಸ್ತಕದಲ್ಲಿ ಸುಳ್ಳು ನಮೂದು ಮಾಡಿದರೆ ನಮೂದಿಸಿದ ಮೊತ್ತದಷ್ಟೇ ದಂಡ ಬೀಳಬಹುದು. ಕೂಟಲೇಖಕ್ಕೆ ಸಂಸತ್ತು ಹಾಕಿದ ಬೆಲೆ ಇದು.

ಹಾಗಾದರೆ ತೆರಿಗೆ ಉಳಿಸಬಾರದೇ ಎಂದು ಕೇಳಬಹುದು. ಖಂಡಿತ ಉಳಿಸಬಹುದು. 1985ರ ಮೆಕ್‌ಡೊವೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾನೂನಿನ ಚೌಕಟ್ಟಿನೊಳಗಿನ ತೆರಿಗೆ ಯೋಜನೆಯನ್ನು ನ್ಯಾಯಸಮ್ಮತವೆಂದು ಒಪ್ಪಿ, ಕೃತಕ ಏರ್ಪಾಟುಗಳನ್ನು ಮಾತ್ರ ಅದರಿಂದ ಹೊರಗಿಟ್ಟಿತು. ನಮ್ಮ ಯುವಕರೊಬ್ಬರು ಒಂದು ಸಭೆಯಲ್ಲಿ, "ತೆರಿಗೆ ಉಳಿಸುವ ಹಂಬಲವೂ ಲೋಭವೇ ಅಲ್ಲವೇ?" ಎಂದು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಪರಿಗ್ರಹ ಪರಿಮಾಣ ವ್ರತವನ್ನು ಹಿಡಿಯುವವನು ಮೊದಲು ತನ್ನ ಬಳಿ ಏನಿದೆ, ಎಷ್ಟಿದೆ ಎಂದು ಎಣಿಸಬೇಕು. ಎಣಿಸದವನಿಗೆ ಮಿತಿ ಹಾಕಿಕೊಳ್ಳಲು ಸಾಧ್ಯವೇ ಇಲ್ಲ. ಯೋಜನೆಯ ಮೊದಲ ಮೆಟ್ಟಿಲೂ ಅದೇ ಎಣಿಕೆ. ನನ್ನ ಬಳಿ ಬರುವ ಸಣ್ಣ ವ್ಯಾಪಾರಿಗಳಲ್ಲಿ ಅರ್ಧದಷ್ಟು ಮಂದಿಗೆ ತಮ್ಮ ಅಂಗಡಿಯ ನಿಜವಾದ ಲಾಭವೆಷ್ಟೆಂದು ಗೊತ್ತಿರುವುದಿಲ್ಲ. ಗಲ್ಲಾಪೆಟ್ಟಿಗೆಯಿಂದ ಮನೆಯ ರೇಷನ್ನೂ ಮಗಳ ಕಾಲೇಜಿನ ಫೀಸೂ ಊರಿನ ಬಸದಿಯ ವಂತಿಗೆಯೂ ಒಂದೇ ಕೈಯಲ್ಲಿ ಹೋಗುತ್ತಿರುತ್ತವೆ.

ಎಣಿಸದೆ ಇದ್ದುದರ ಫಲವನ್ನು ಕಳೆದ ವರ್ಷ ಕರ್ನಾಟಕ ಕಂಡಿತು. 2025ರ ಜುಲೈಯಲ್ಲಿ ಅಲ್ಲಿನ ವಾಣಿಜ್ಯ ತೆರಿಗೆ ಇಲಾಖೆಯು 2021-22ರಿಂದ 2024-25ರವರೆಗಿನ ಯುಪಿಐ ಮಾಹಿತಿಯನ್ನು ಆಧರಿಸಿ ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಬೂತು, ಚಹಾ ಅಂಗಡಿಗಳ ಸಾವಿರಾರು ಮಾಲೀಕರಿಗೆ ಜಿಎಸ್‌ಟಿ ನೋಟಿಸು ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ 29 ಲಕ್ಷ ಕಟ್ಟಬೇಕೆಂಬ ನೋಟಿಸು ಹೋಯಿತು, ತಾಜಾ ತರಕಾರಿಗೆ ತೆರಿಗೆಯೇ ಇಲ್ಲದಿದ್ದರೂ. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡುಗಳು ಮಾಯವಾಗಿ "ನಗದು ಮಾತ್ರ" ಎಂಬ ಚೀಟಿಗಳು ಅಂಟಿಕೊಂಡವು. ರಾಜ್ಯ ಕೇಂದ್ರದತ್ತ, ಕೇಂದ್ರದ ಸಚಿವರು ರಾಜ್ಯದತ್ತ ಬೆರಳು ತೋರಿದರು. ಕೊನೆಗೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಇನ್ನು ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದು ವ್ಯಾಪಾರಿಗಳಿಗೆ ತಿಳಿಸಿದರು.

ಸರ್ಕಾರದ ನಡೆಯನ್ನು ನಾನು ಸಮರ್ಥಿಸುವುದಿಲ್ಲ. ಮೊದಲು ತಿಳಿವಳಿಕೆ, ಅನಂತರ ನೋಟಿಸು. ಅದೇ ಸರಿಯಾದ ಕ್ರಮ. ಜನರ ಕೈಗೆ ಡಿಜಿಟಲ್ ಪಾವತಿಯನ್ನು ಕೊಟ್ಟು ಹೊಗಳಿದವರೇ ಅದರ ಜಾಡು ಹಿಡಿದು ನಾಲ್ಕು ವರ್ಷದ ತೆರಿಗೆಯನ್ನು ಒಟ್ಟಿಗೆ ಕೇಳಿದರೆ ಸಣ್ಣವನು ನಗದಿಗೆ ಮರಳುವುದು ಸಹಜ. ಆದರೆ ನಮ್ಮ ಕಡೆಯ ಲೆಕ್ಕವನ್ನೂ ನೋಡಬೇಕಲ್ಲವೇ? ಸರಕು ಮಾರುವವರಿಗೆ 40 ಲಕ್ಷ, ಸೇವೆ ನೀಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ನೋಂದಣಿ ಕಡ್ಡಾಯವೆಂಬುದು ಗುಟ್ಟಿನ ಸಂಗತಿಯಲ್ಲ. ವರ್ಷಕ್ಕೆ 80 ಲಕ್ಷ ಮಾರುವ ಕಾಂಡಿಮೆಂಟ್ಸ್ ಅಂಗಡಿಯವನು ಮೊದಲೇ ನೋಂದಾಯಿಸಿಕೊಂಡು ಕಾಂಪೊಸಿಷನ್ ಪದ್ಧತಿಯನ್ನು ಆಯ್ದುಕೊಂಡಿದ್ದರೆ ಶೇಕಡಾ ಒಂದರಂತೆ ವರ್ಷಕ್ಕೆ 80,000 ರೂಪಾಯಿಯಲ್ಲಿ ಮುಗಿಯುತ್ತಿತ್ತು. ಆ ಆಯ್ಕೆಯನ್ನು ಹಿಂದಿನ ವರ್ಷಗಳಿಗೆ ಅನ್ವಯಿಸಿಕೊಳ್ಳಲು ಬರುವುದಿಲ್ಲ. ಮೊದಲೇ ಕೇಳಿದ್ದರೆ ಒಂದು ಪರ್ಸೆಂಟು, ತಡವಾಗಿ ಕೇಳಿದರೆ ಪೂರ್ತಿ ದರ, ಜೊತೆಗೆ ಬಡ್ಡಿ, ದಂಡ. ಮುಂಬೈಯಲ್ಲಿ ಜ್ಯೂಸ್ ಸೆಂಟರ್, ಸ್ಟೇಷನರಿ, ಕ್ಯಾಂಟೀನು ನಡೆಸುವ ನಮ್ಮವರು ಇದು ಕರ್ನಾಟಕದ ಕತೆ ಎಂದು ಭಾವಿಸಬಾರದು. ಯುಪಿಐ ಎಲ್ಲ ಕಡೆಯೂ ಒಂದೇ.

ಯೋಜನೆ ಎಂದರೆ ಏನೆಂಬುದನ್ನು ಈಗ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಲ್ಲವನ್ನೂ ಹೇಳಲು ಹೋಗುವುದಿಲ್ಲ.

ಮೊದಲನೆಯದು, ಮಾರ್ಚ್ ಕೊನೆಯ ವಾರದಲ್ಲಿ ಏನಾದರೂ ಕೊಂಡುಬಿಡುವುದು ಯೋಜನೆಯಲ್ಲ. ಪರಿಚಿತರೊಬ್ಬರು "ಟ್ಯಾಕ್ಸ್ ಉಳಿಯುತ್ತದೆ" ಎಂದು ಯಾರೋ ಹೇಳಿದ ಮಾತನ್ನು ನಂಬಿ ಮಾರ್ಚ್ 28ರಂದು ಎಂಟು ಲಕ್ಷದ ಅಡುಗೆ ಯಂತ್ರ ತಂದರು. ಯಂತ್ರಗಳಿಗೆ ಸವಕಳಿ ಶೇಕಡಾ 15. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರಲ್ಲಿ ಅರ್ಧ ಮಾತ್ರ. ಅವರಿಗೆ ಸಿಕ್ಕ ಕಡಿತ 60,000 ರೂಪಾಯಿ; ಶೇಕಡಾ 20ರ ಹಂತದಲ್ಲಿ ಉಳಿದ ತೆರಿಗೆ 12,000. ಎಂಟು ಲಕ್ಷ ಕೊಟ್ಟು ಹನ್ನೆರಡು ಸಾವಿರ ಉಳಿಸಿದರು. ಅದೇ ಯಂತ್ರ ಬೇಕೇ ಇದ್ದಿದ್ದರೆ ಸೆಪ್ಟೆಂಬರಿನಲ್ಲಿ ತಂದು ಕೆಲಸಕ್ಕೆ ಹಚ್ಚಿದ್ದರೆ ಕಡಿತ ಎರಡರಷ್ಟಾಗುತ್ತಿತ್ತು.

ಮುಂಗಡ ತೆರಿಗೆಯನ್ನು ನಮ್ಮವರು ದೊಡ್ಡ ಕಂಪನಿಗಳ ವಿಷಯವೆಂದು ತಿಳಿದಿದ್ದಾರೆ. ವರ್ಷದ ತೆರಿಗೆ 10,000 ಮುಟ್ಟಿದರೆ ಅದು ಎಲ್ಲ ವ್ಯಾಪಾರಿಗಳಿಗೂ ಅನ್ವಯಿಸುತ್ತದೆ: ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳುಗಳ 15ನೆಯ ತಾರೀಖಿನೊಳಗೆ ಕ್ರಮವಾಗಿ ಶೇಕಡಾ 15, 45, 75, 100. ಹೊಸ ಪದ್ಧತಿಯಲ್ಲಿ ಈ ವರ್ಷ 16 ಲಕ್ಷ ಆದಾಯದವನ ತೆರಿಗೆ ಸೆಸ್ಸೂ ಸೇರಿ 1,24,800 ರೂಪಾಯಿ. ಒಂದು ಕಂತನ್ನೂ ಕಟ್ಟದೆ ಜುಲೈಯಲ್ಲಿ ಒಟ್ಟಿಗೆ ಕಟ್ಟಿದರೆ ಬಡ್ಡಿಯೇ ಹನ್ನೊಂದು ಸಾವಿರ ದಾಟುತ್ತದೆ. ಲೆಕ್ಕಪತ್ರವಿಲ್ಲದೆ ಅಂದಾಜಿನ ಲಾಭ ಘೋಷಿಸುವ ಪದ್ಧತಿಯಲ್ಲಿ, ಅಂದರೆ 44ಎಡಿ ಕಲಮಿನಡಿ, ಇರುವವರಿಗೆ ಮಾರ್ಚ್ 15ರ ಒಂದೇ ಕಂತು ಸಾಕು.

ಈ 44ಎಡಿಯ ಬಗೆಗೆ ಒಂದೆರಡು ಮಾತು ಹೆಚ್ಚು ಹೇಳಬೇಕು. ವಹಿವಾಟು 2 ಕೋಟಿಯವರೆಗೆ, ನಗದು ಸ್ವೀಕೃತಿ ಶೇಕಡಾ 5ನ್ನು ಮೀರದಿದ್ದರೆ 3 ಕೋಟಿಯವರೆಗೆ, ಡಿಜಿಟಲ್ ವಹಿವಾಟಿನ ಶೇಕಡಾ 6, ನಗದಿನ ಶೇಕಡಾ 8 ಲಾಭವೆಂದು ತೋರಿಸಿದರೆ ಪುಸ್ತಕಗಳನ್ನು ಇಡಬೇಕಾಗಿಲ್ಲ. 70 ಲಕ್ಷ ಯುಪಿಐ, 20 ಲಕ್ಷ ನಗದು ಬರುವ ಅಂಗಡಿಗೆ ಲಾಭ 5.8 ಲಕ್ಷ, ಹೊಸ ಪದ್ಧತಿಯಲ್ಲಿ ತೆರಿಗೆ ಸೊನ್ನೆ. ಸರಳವಾದ, ನ್ಯಾಯವಾದ ಸೌಲಭ್ಯ. ಆದರೆ ಒಮ್ಮೆ ಒಳಗೆ ಬಂದವನು ಐದು ವರ್ಷದೊಳಗೆ ಹೊರಗೆ ಹೋದರೆ ಮುಂದಿನ ಐದು ವರ್ಷ ಬಾಗಿಲು ಮುಚ್ಚುತ್ತದೆ. ಹಳೆಯ ಮತ್ತು ಹೊಸ ತೆರಿಗೆ ಪದ್ಧತಿಗಳ ನಡುವಿನ ಓಡಾಟವೂ ಹಾಗೆಯೇ: ಸಂಬಳದಾರ ವರ್ಷವರ್ಷವೂ ಬದಲಿಸಬಹುದು, ವ್ಯಾಪಾರಿ ಹಳೆಯದಕ್ಕೆ ಹೋಗಿ ಒಮ್ಮೆ ಹೊಸದಕ್ಕೆ ಮರಳಿದರೆ ವ್ಯಾಪಾರ ಇರುವವರೆಗೆ ಮತ್ತೆ ಹಳೆಯದು ಸಿಗುವುದಿಲ್ಲ. ಒಂದು ವರ್ಷದ ಉಳಿತಾಯವನ್ನು ಮಾತ್ರ ನೋಡಿ ಆಯ್ಕೆ ಮಾಡುವವರು ಐದು ವರ್ಷ ಪಶ್ಚಾತ್ತಾಪ ಪಡುತ್ತಾರೆ.

ಕಡಿಮೆ ಆದಾಯ ತೋರಿಸಿ ಗೆದ್ದೆವೆಂದು ಬೀಗುವವರಿಗೆ ಇನ್ನೊಂದು ಲೆಕ್ಕ. ಠಾಣೆಯ ಕಡೆ ಅಂಗಡಿ ಇಟ್ಟಿದ್ದ ನಮ್ಮ ಕಡೆಯವರೊಬ್ಬರು ನಲವತ್ತನಾಲ್ಕನೆಯ ವಯಸ್ಸಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಹೆಂಡತಿ, ಇಬ್ಬರು ಮಕ್ಕಳು, ವೃದ್ಧ ತಾಯಿ. ವರ್ಷಕ್ಕೆ ಒಂಬತ್ತು ಲಕ್ಷವಾದರೂ ದುಡಿಯುತ್ತಿದ್ದರು; ರಿಟರ್ನಿನಲ್ಲಿದ್ದದ್ದು ಮೂರು ಲಕ್ಷ. ಅಪಘಾತ ಪರಿಹಾರ ನ್ಯಾಯಮಂಡಳಿ ಮೊದಲು ಕೇಳುವುದೇ ರಿಟರ್ನನ್ನು. ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳಲ್ಲಿ ಹಾಕಿಕೊಟ್ಟ ಸೂತ್ರದಂತೆ ಲೆಕ್ಕ ಹಾಕಿ: ಮೂರು ಲಕ್ಷಕ್ಕೆ ಭವಿಷ್ಯದ ಏರಿಕೆಯೆಂದು ಶೇಕಡಾ 25 ಸೇರಿಸಿ, ಅವರ ಸ್ವಂತ ಖರ್ಚೆಂದು ನಾಲ್ಕರಲ್ಲೊಂದು ಪಾಲು ಕಳೆದು, ಆ ವಯಸ್ಸಿನ ಗುಣಕ 14ರಿಂದ ಗುಣಿಸಿದರೆ 39 ಲಕ್ಷ ಚಿಲ್ಲರೆ. ಅವರ ನಿಜವಾದ ಆದಾಯ ಕಾಗದದಲ್ಲಿ ಇದ್ದಿದ್ದರೆ, ತೆರಿಗೆಯನ್ನು ಕಳೆದ ಮೇಲೂ, ಒಂದು ಕೋಟಿ ದಾಟುತ್ತಿತ್ತು. ಅವರು ಅಷ್ಟು ವರ್ಷಗಳಲ್ಲಿ ಉಳಿಸಿದ ತೆರಿಗೆ ಎಲ್ಲ ಸೇರಿದರೂ ಆ ವ್ಯತ್ಯಾಸದ ಸಣ್ಣದೊಂದು ಭಾಗವೂ ಆಗಲಾರದು. ಆ ತಾಯಿ ನನ್ನೆದುರು ಕುಳಿತು, "ಮಗ ನಿಜವಾಗಿ ಎಷ್ಟು ದುಡಿಯುತ್ತಿದ್ದ ಅಂತ ನೀವೇ ಹೇಳಬಹುದಲ್ಲ ಮಗಾ" ಎಂದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಮನೆಯ ಹೆಂಗಸರ ವಿಷಯಕ್ಕೆ ಬರುತ್ತೇನೆ. ನಮ್ಮ ಕ್ಯಾಂಟೀನುಗಳಲ್ಲಿ, ಖಾದ್ಯ ತಯಾರಿಕೆಯ ಘಟಕಗಳಲ್ಲಿ ಹೆಂಡತಿಯ ದುಡಿಮೆ ಗಂಡನದಕ್ಕಿಂತ ಕಡಿಮೆಯಿರುವುದಿಲ್ಲ. ಕಾಗದದಲ್ಲಿ ಮಾತ್ರ ಆಕೆ ಇರುವುದಿಲ್ಲ. ಭಾಂಡುಪಿನಲ್ಲಿ ಕಾರ್ಖಾನೆಗಳಿಗೆ ಊಟ ಒದಗಿಸುವ ದಂಪತಿಗಳ ಲಾಭ ಸುಮಾರು 24 ಲಕ್ಷ, ಎಲ್ಲವೂ ಗಂಡನ ಹೆಸರಿನಲ್ಲಿ. ಹೊಸ ಪದ್ಧತಿಯಲ್ಲಿ ತೆರಿಗೆ, ಸೆಸ್ ಬಿಟ್ಟು, 3 ಲಕ್ಷ. ಇಬ್ಬರೂ ದುಡಿಯುವ ಪಾಲುದಾರರಾಗಿ ಸಂಸ್ಥೆ ಮಾಡಿಕೊಂಡರೆ ಮೊದಲ 6 ಲಕ್ಷ ಲಾಭದ ಶೇಕಡಾ 90, ಉಳಿದದ್ದರ ಶೇಕಡಾ 60, ಒಟ್ಟು 16.2 ಲಕ್ಷದವರೆಗೆ ಪಾಲುದಾರರಿಗೆ ಸಂಭಾವನೆ ಕೊಡಬಹುದು. ತಲಾ 8.1 ಲಕ್ಷ, ಬೇರೆ ಆದಾಯವಿಲ್ಲದಿದ್ದರೆ ಇಬ್ಬರಿಗೂ ತೆರಿಗೆಯಿಲ್ಲ. ಸಂಸ್ಥೆಯಲ್ಲಿ ಉಳಿಯುವ 7.8 ಲಕ್ಷಕ್ಕೆ ಶೇಕಡಾ 30ರಂತೆ 2.34 ಲಕ್ಷ. ಉಳಿತಾಯ 66,000, ಲೆಕ್ಕಪತ್ರದ ಹೆಚ್ಚುವರಿ ಖರ್ಚನ್ನು ಅದರಲ್ಲಿ ಕಳೆಯಬೇಕು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಗಂಡನ ಗಣನೀಯ ಹಿತಾಸಕ್ತಿಯಿರುವ ಸಂಸ್ಥೆಯಿಂದ ಹೆಂಡತಿ ಪಡೆಯುವ ಸಂಭಾವನೆಯು ಆಕೆಯ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆಗೆ ಸಂದದ್ದಲ್ಲವೆಂದು ಕಂಡರೆ ಅದನ್ನು ಗಂಡನ ಆದಾಯಕ್ಕೇ ಸೇರಿಸುವ ನಿಯಮವಿದೆ. ಅರ್ಹತೆಯೆಂದರೆ ಪದವಿಯೇ ಆಗಬೇಕಿಲ್ಲ, ಅನುಭವದಿಂದ ಬಂದ ನೈಪುಣ್ಯವೂ ಆಗಬಹುದು ಎಂಬ ಉದಾರವಾದ ಅರ್ಥವನ್ನು ಆಂಧ್ರಪ್ರದೇಶ ಹೈಕೋರ್ಟು 1985ರಷ್ಟು ಹಿಂದೆಯೇ ಕೊಟ್ಟಿದೆ. ಆದರೆ ಆಕೆ ನಿಜವಾಗಿ ದುಡಿಯುತ್ತಿರಬೇಕು, ಹಣ ಆಕೆಯ ಖಾತೆಗೇ ಹೋಗಬೇಕು, ಅಲ್ಲಿಯೇ ಇರಬೇಕು. ಅಡುಗೆಮನೆಗೆ ಕಾಲಿಡದ ಹೆಂಡತಿಯನ್ನು ಕಾಗದದಲ್ಲಿ ಪಾಲುದಾರಳನ್ನಾಗಿಸುವುದು ಮತ್ತೆ ಕೂಟಲೇಖವೇ. ಭಾಂಡುಪಿನ ಆ ಸೋದರಿಯನ್ನು ಕೆಲಸದ ದಾಖಲೆ ಏನಾದರೂ ಇದೆಯೇ ಎಂದು ಕೇಳಿದೆ. ಹನ್ನೊಂದು ವರ್ಷಗಳ ಹಾಲು, ತರಕಾರಿ, ಗ್ಯಾಸು, ಕೆಲಸದವರ ಮುಂಗಡ ಇವನ್ನೆಲ್ಲ ಕನ್ನಡದಲ್ಲಿ ದಿನದಿನವೂ ಬರೆದಿಟ್ಟ ಹದಿನಾಲ್ಕು ನೋಟ್‌ಬುಕ್ಕುಗಳನ್ನು ತಂದು ಮೇಜಿನ ಮೇಲಿಟ್ಟರು. ಆ ಸಂಸ್ಥೆಯಲ್ಲಿ ಲೆಕ್ಕ ಬಲ್ಲ ವ್ಯಕ್ತಿ ಯಾರೆಂಬುದು ಅವರ ಗಂಡನಿಗೂ ನನಗೂ ಅಂದೇ ಗೊತ್ತಾದದ್ದು. 66,000 ರೂಪಾಯಿಗಿಂತ ಆಕೆಯ ಹೆಸರಿಗೆ ಒಂದು ರಿಟರ್ನು, ಒಂದು ಖಾತೆ, ವ್ಯಾಪಾರದಲ್ಲಿ ಕಾನೂನುಬದ್ಧವಾದ ಪಾಲು ಬಂದದ್ದನ್ನೇ ನಾನು ದೊಡ್ಡ ಲಾಭವೆಂದು ಎಣಿಸುತ್ತೇನೆ.

ಅವಿಭಕ್ತ ಕುಟುಂಬದ ಹೆಸರಿನಲ್ಲಿ ಬೇರೆ ಪಾನ್ ಮಾಡಿಸುವ ಸಲಹೆ ಈಗ ಮೊಬೈಲಿನಲ್ಲಿ ಪುಕ್ಕಟೆಯಾಗಿ ಸಿಗುತ್ತಿದೆ. ಜೈನರಿಗೂ ಅದು ಅನ್ವಯಿಸುತ್ತದೆ, ನಿಜ. ಆದರೆ ಸ್ವಂತ ದುಡಿಮೆಯ ಹಣವನ್ನು ಅದಕ್ಕೆ ಸುರಿದರೆ ಆದಾಯ ಮತ್ತೆ ನಿಮ್ಮ ತಲೆಗೇ ಬರುತ್ತದೆ. 12 ಲಕ್ಷದವರೆಗಿನ ತೆರಿಗೆ ವಿನಾಯಿತಿ ವ್ಯಕ್ತಿಗಳಿಗೆ ಮಾತ್ರ, ಕುಟುಂಬಕ್ಕಿಲ್ಲ. ಅಳಿಯಸಂತಾನದ ಹಿನ್ನೆಲೆಯ ತುಳುನಾಡಿನ ಮನೆಗಳಲ್ಲಿ ಯಾವುದು ಕುಟುಂಬದ ಆಸ್ತಿ, ಯಾವುದು ಸ್ವಂತದ್ದು ಎಂಬುದೇ ಇನ್ನೂ ತೀರ್ಮಾನವಾಗಿರುವುದಿಲ್ಲ. ಹಳೆಯ ಪಾಲುಪಟ್ಟಿಯನ್ನು ಓದಿಸಿಕೊಳ್ಳದೆ ಮುಂದುವರಿಯಬೇಡಿ.

ಧರ್ಮಕಾರ್ಯದ ದೇಣಿಗೆಯ ಬಗೆಗೆ ಬರೆದರೆ ಕೆಲವರಿಗೆ ಬೇಸರವಾಗಬಹುದು, ಆದರೂ ಬರೆಯುತ್ತೇನೆ. ಕಲಶದ ಸವಾಲಿನಲ್ಲಿ ಲಕ್ಷಗಟ್ಟಲೆ ಕೂಗಿ, ನಗದಿನಲ್ಲಿ ಕೊಟ್ಟು, ಹಾರ ಹಾಕಿಸಿಕೊಳ್ಳುವ ರೂಢಿ ನಮ್ಮಲ್ಲಿದೆ. 80ಜಿ ಕಡಿತ ಹಳೆಯ ಪದ್ಧತಿಯಲ್ಲಿ ಮಾತ್ರ ಉಂಟು. ನಗದಾಗಿ ಕೊಟ್ಟದ್ದು 2,000 ರೂಪಾಯಿ ಮೀರಿದರೆ ಅದೂ ಇಲ್ಲ. ಕೇವಲ ಧಾರ್ಮಿಕ ಉದ್ದೇಶದ ಎಲ್ಲ ಟ್ರಸ್ಟುಗಳಿಗೂ ಆ ಮಾನ್ಯತೆ ಇರುವುದಿಲ್ಲ. ಇದು ತೆರಿಗೆಯ ಮಾತಾಯಿತು. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಆ ನಗದು ಬಂದದ್ದೆಲ್ಲಿಂದ ಎಂದು ಸಮಿತಿಗಳು ಏಕೆ ಕೇಳುವುದಿಲ್ಲ ಎಂಬುದು. ವಿರುದ್ಧರಾಜ್ಯಾತಿಕ್ರಮದಿಂದ ಗಳಿಸಿದ ಹಣದಿಂದ ಭಗವಂತನಿಗೆ ಅಭಿಷೇಕ ಮಾಡಿಸಿದರೆ ಅತಿಚಾರ ತೊಳೆದುಹೋಗುತ್ತದೆಯೇ? ಒಂದು ನಿರ್ದಿಷ್ಟ ಮೊತ್ತಕ್ಕಿಂತ ಹೆಚ್ಚಿನ ಸವಾಲನ್ನು ಚೆಕ್ಕಿನಲ್ಲಿ ಮಾತ್ರ ಸ್ವೀಕರಿಸುತ್ತೇವೆಂದು ನಮ್ಮ ಬಸದಿಗಳೂ ಸಂಘಗಳೂ ನಿರ್ಣಯ ಮಾಡಲಿ. ಮೊದಲ ವರ್ಷ ಸಂಗ್ರಹ ಇಳಿಯುತ್ತದೆ. ಇಳಿಯಲಿ.

ಸಮಾಜವನ್ನು ಇಷ್ಟು ಟೀಕಿಸಿದ ಮೇಲೆ ಸರ್ಕಾರವನ್ನು ಸುಮ್ಮನೆ ಬಿಡುವುದು ನ್ಯಾಯವಲ್ಲ. 2019ರ ಸೆಪ್ಟೆಂಬರ್ 20ರಂದು ಒಂದು ಸುಗ್ರೀವಾಜ್ಞೆಯ ಮೂಲಕ ಕಂಪನಿಗಳ ತೆರಿಗೆಯನ್ನು ಶೇಕಡಾ 22ಕ್ಕೆ ಇಳಿಸಲಾಯಿತು. ಸರ್‌ಚಾರ್ಜು ಸೆಸ್ಸು ಸೇರಿ 25.17. ಪಾಲುದಾರಿಕೆ ಸಂಸ್ಥೆಗಳ ದರ ಇಂದಿಗೂ 30, ಸೆಸ್ ಸೇರಿ 31.2, ಮೊದಲ ರೂಪಾಯಿಯಿಂದಲೇ. ಭಾಂಡುಪಿನ ಕ್ಯಾಂಟೀನು ದೇಶದ ಅತಿ ದೊಡ್ಡ ಕಂಪನಿಗಿಂತ ಆರು ಪರ್ಸೆಂಟು ಹೆಚ್ಚು ದರದಲ್ಲಿ ತೆರಿಗೆ ಕಟ್ಟುತ್ತದೆ. ಕಂಪನಿಗಳಿಗೆ ಕೊಟ್ಟದ್ದು ಹೂಡಿಕೆಯ ಉತ್ತೇಜನ, ಸಣ್ಣವರು ಕೇಳಿದರೆ ಅದು ಓಲೈಕೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಸಣ್ಣ ತಯಾರಕರಿಗೆ 45 ದಿನದೊಳಗೆ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ, ಹಣ ಕೊಡದ ಖರೀದಿದಾರನಿಗೆ ವರ್ಷಾಂತ್ಯದಲ್ಲಿ ಬಾಕಿ ಉಳಿದಷ್ಟು ಖರ್ಚಿನ ಕಡಿತ ಆ ವರ್ಷ ಸಿಗದು ಎಂಬ ನಿಯಮ 2023-24ರಿಂದ ಬಂತು. ಉದ್ದೇಶ ಒಳ್ಳೆಯದು. ಆದರೆ ಕೈಯಲ್ಲಿ ಬಂಡವಾಳವಿಲ್ಲದ ಸಣ್ಣ ಖರೀದಿದಾರನೂ ಅದೇ ಬಲೆಯಲ್ಲಿ ಬಿದ್ದಿದ್ದಾನೆ. ದೊಡ್ಡವರಿಂದ ಮೂರು ತಿಂಗಳಾದರೂ ಹಣ ಬಾರದು, ಅವನು ಮಾತ್ರ ಒಂದೂವರೆ ತಿಂಗಳಲ್ಲಿ ಕೊಡಬೇಕು. 1961ರ ಕಾಯ್ದೆಯ ಬದಲು 2025ರ ಹೊಸ ಆದಾಯ ತೆರಿಗೆ ಕಾಯ್ದೆಗೆ 2026ರ ಏಪ್ರಿಲ್ 1 ಜಾರಿಯ ದಿನ. 819 ಕಲಮುಗಳು 536ಕ್ಕೆ ಇಳಿದಿವೆ, ಭಾಷೆ ತಿಳಿಯಾಗಿದೆ. ಮೇಲಿನ ಅನ್ಯಾಯ ಹಾಗೆಯೇ ಉಳಿದಿದೆ. ಮತ ಕೇಳಲು ನಮ್ಮ ಸಭೆಗಳಿಗೆ ಬರುವ ಅಭ್ಯರ್ಥಿಗಳ ಮುಂದೆ ಅಲ್ಪಸಂಖ್ಯಾತರ ಸವಲತ್ತಿನ ಬೇಡಿಕೆಯ ಜೊತೆಗೆ ಇದನ್ನೂ ಇಡಬೇಕು.

ಈ ವರ್ಷಕ್ಕೆ ಇನ್ನೂ ಸಮಯವಿದೆ. ಜನವರಿಯಿಂದಲೇ ಕುಳಿತರೆ ಒಂಬತ್ತು ತಿಂಗಳ ಲೆಕ್ಕ ಕಣ್ಣ ಮುಂದಿರುತ್ತದೆ, ಉಳಿದ ಮೂರು ತಿಂಗಳಲ್ಲಿ ಏನು ಮಾಡಬಹುದೆಂದು ನಿರ್ಧರಿಸಬಹುದು: ಸಣ್ಣ ತಯಾರಕರ ಬಾಕಿ ಚುಕ್ತಾ ಮಾಡುವುದು, ವಾಪಸು ಬಾರದ ಸಾಲವನ್ನು ಪುಸ್ತಕದಿಂದ ತೆಗೆಯುವುದು, ಹಳೆಯ ಪದ್ಧತಿಯಲ್ಲಿರುವವರು ಆರೋಗ್ಯ ವಿಮೆ ಕಟ್ಟುವುದು, ಪಾಲುದಾರಿಕೆಯ ಪತ್ರವನ್ನು ಏಪ್ರಿಲ್ 1ಕ್ಕೆ ಸಿದ್ಧಪಡಿಸುವುದು. ನಷ್ಟವಾಗಿದ್ದರೆ ರಿಟರ್ನನ್ನು ಗಡುವಿನೊಳಗೆ ಸಲ್ಲಿಸಬೇಕು, ಇಲ್ಲದಿದ್ದರೆ ಆ ವ್ಯಾಪಾರ ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯಲು ಬಾರದು. ಮುಂಗಡ ತೆರಿಗೆಯ ಕೊನೆಯ ದಿನ ಮಾರ್ಚ್ 15 ಭಾನುವಾರವಾಗಿದೆ, ಶುಕ್ರವಾರವೇ ಕಟ್ಟಿಬಿಡಿ. ಇನ್ನು ಮಾರ್ಚ್ 31 ಮಂಗಳವಾರ, ಈ ಸಲ ಅಂದೇ ಮಹಾವೀರ ಜಯಂತಿ. ಕಚೇರಿಗೆ ಬೀಗ ಹಾಕಿ ನಾನು ಬಸದಿಯಲ್ಲಿರುತ್ತೇನೆ. ಚೀಲ ಹಿಡಿದುಕೊಂಡು ಅಲ್ಲಿಗೆ ಬರಬೇಡಿ.